ನೀವು ಹಿರೇರು, ನಿಮ್ಮ ಬಿಪಿ ಮೊದಲು

ಗಂಡಸರನ್ನ ದವಾಖಾನಿಗೆ ಕರಕೊಂಡು ಹೋಗೂ ಕೆಲಸಕ್ಕ ಕೈ ಹಾಕಿದವರು ನಗಾಕಂತ ಬ್ಯಾರೆ ಎಲ್ಲೂ ಹೋಗಬೇಕಾಗಿಲ್ಲ. ಪ್ರಸಂಗಗಳು ತಾವೇ ಮನಿ ಬಾಗಿಲಿಗೆ ಬರತಾವ. ನಾನು ಹೈದರಾಬಾದಿನಾಗ ನರ್ಸ್ ಕೆಲಸ ಮಾಡಿ ರಿಟೈರ್ ಆದಾಕಿ. ಸುಮ್ಮನ ಕುಂಡ್ರೂ ಪೈಕಿ ಅಲ್ಲ. ನಮ್ಮ ಕನ್ನಡ ಸಂಘದ ಅಧ್ಯಕ್ಷರು, ಅರಿವಿ ವ್ಯಾಪಾರ ಮಾಡವರು, ಒಂದಿನ ಬಂದು, "ಅಕ್ಕಾರ, ನಮ್ಮ ಗಂಡಸರು ಎದಿ ಹಿಡಕೊಂಡು ಬಿದ್ದ ಮ್ಯಾಲೇ ಡಾಕ್ಟರ ಮಾರಿ ನೋಡ್ತಾರ. ಬೀಳೂಕಿಂತ ಮೊದಲು ತೋರಸೂಣು ನಡೀರಿ" ಅಂದ್ರು. ಅವರ ಕಳಕಳಿ ನೋಡಿ ಆಗಿಂದಾಗೇ ಚಪ್ಪಲಿ ಮೆಟ್ಟಿದೆ.

ಸಭೆಕಿಂತ ಮೊದಲು, ಸಭೆ ಆದಮ್ಯಾಲೆ

ಮೊದಲನೇ ಶಿಬಿರ ನಾರಾಯಣಗೂಡದಾಗ. ಬ್ಯಾನರ್ ಕಟ್ಟಿ, ಡಾಕ್ಟರನ್ನ ಕುಂಡ್ರಿಸಿ ಕಾದ್ವಿ. ಗಂಡಸರು ಬರಲಿಲ್ಲ ಅನ್ನೂಹಂಗಿಲ್ಲ. ಬಂದ್ರು, ಆದ್ರ ಹೆಂಡತಿನ್ನ ಮುಂದ ಬಿಟ್ಟು ಆಕಿ ಮೊಣಕಾಲಿನ ಕಥಿ ಹೇಳಿದ್ರು. ತಮ್ಮ ಸುದ್ದಿ ಕೇಳಿದ್ರ, ನಂಗೇನಾಗೇತ್ರಿ, ಕಲ್ಲಗುಂಡಿನಂಗ ಅದೀನಿ ಅಂತ ಎದ್ದು ಹೊರಗ ಹೋಗಿ ಚಾ ಕುಡದ್ರು.

ಅಧ್ಯಕ್ಷರು ಸೋಲೂ ಆಸಾಮಿ ಅಲ್ಲ. ಆರೋಗ್ಯ ಅಂದ್ರ ಬರಾಂಗಿಲ್ಲ, ಜಗಳ ಅಂದ್ರ ಓಡಿ ಬರತಾರ ಅಂತ ತಿಳದು ಸಂಘದ ಸರ್ವಸದಸ್ಯರ ಸಭೆ ಕರದ್ರು. ಗಿರ್ಮಿಟ್, ಮಿರ್ಚಿ ಭಜಿನೂ ಐತಿ ಅಂತ ಸುದ್ದಿ ಹಬ್ಬಿಸಿದ್ರು. ಹಾಲ್ ತುಂಬಿತು. ಬಾಗಿಲದಾಗ ನಾನು ಬಿಪಿ ಮಷೀನ್ ಹಿಡಕೊಂಡು ಕುಂತಿದ್ದೆ. ತೋಳು ಕೊಡದವರಿಗೆ ಒಳಗ ಮಾತಾಡೂ ಹಕ್ಕಿಲ್ಲ ಅಂತ ಅಧ್ಯಕ್ಷರ ಕಾಯ್ದೆ. ಆ ಹಕ್ಕು ಬಿಡೂ ಗಂಡಸು ನಮ್ಮ ಸಂಘದಾಗ ಇನ್ನೂ ಹುಟ್ಟಿಲ್ಲ. ಎಲ್ಲಾರೂ ತೋಳು ಚಾಚಿದ್ರು.

ಸಂಶಯ ಬಂದವರನ್ನ ಸಭೆ ಆದಮ್ಯಾಲೆ ಇನ್ನೊಮ್ಮೆ ನೋಡೂಣು ಅಂದಿದ್ರು ಡಾಕ್ಟರು. ಹೊಸಾ ಕಾರ್ಯದರ್ಶಿ ಯಾರಾಗಬೇಕು ಅನ್ನೂ ಮಾತು ಮುಗಿಸಿ ಹೊರಗ ಬಂದವರನ್ನೆಲ್ಲಾ ನೋಡಿದ್ರ, ಮೊದಲು ಚಲೋ ಇದ್ದವರ ಬಿಪಿನೂ ಏರಿ ಕುಂತಿತ್ತು. ಡಾಕ್ಟರು ಬರೆಯೂದು ನಿಲ್ಲಿಸಿ ಪೆನ್ನು ಕಿಸೆದಾಗ ಇಟ್ರು. "ಗುಳಿಗಿ ಆಮ್ಯಾಲೆ ಬರೀತೀನಿ. ಮೊದಲು ಈ ಸಭೆ ಬಂದ್ ಮಾಡ್ರಿ" ಅಂದ್ರು.

ಮರ್ಯಾದಿಯ ತಂಬಾಕು

ಮಣಿಕೊಂಡದ ಕಟ್ಟಡಗಳ ಮ್ಯಾಲೆ ದುಡಿಯವರಾಗ ನಮ್ಮ ಯಾದಗಿರಿ, ರಾಯಚೂರು ಕಡೆ ಮಂದಿ ಭಾಳ. ಅವರ ಮೇಸ್ತ್ರಿಗೆ ಎಲ್ಲಾರೂ ಕಾಕಾ ಅಂತಾರ. ಹಗಲು ದವಾಖಾನಿಗೆ ಹೋದ್ರ ಆ ದಿನದ ಕೂಲಿ ಹೋತು. ಅದಕ್ಕ ಆ ವಾರ್ಡಿನ ಕಾರ್ಪೊರೇಟರ್ ಮೇಡಂ, ತೆಲುಗಿನವರು, ದೊಡ್ಡ ಆಫೀಸಿನಾಗ ಬಡದಾಡಿ ಸಂಜಿಮುಂದನೂ ದವಾಖಾನಿ ತೆರದಿಡೂಹಂಗ ಮಾಡಿಸಿದ್ರು. ಅದನ್ನ ಹೇಳಾಕ ನನ್ನ ಜೋಡಿ ತಾವೇ ಬಂದ್ರು. ಇಟ್ಟಂಗಿ ಮ್ಯಾಲೆ ಕುಂತು, ತಂಬಾಕಿನಿಂದ ಬಾಯಿಗೆ, ಎದಿಗೆ ಏನೇನಾಗತೈತಿ ಅಂತ ಹಿಂದಿಯೊಳಗ ಬಿಡಿಸಿ ಹೇಳಿದ್ರು. ಮಂದಿ ಉಸಿರು ಬಿಗಿಹಿಡದು ಕೇಳಿದ್ರು.

ಭಾಷಣ ಮುಗೀತು. ಇಂಥಾ ದೊಡ್ಡವರು ನಮ್ಮ ತನಾ ಬಂದಾರ, ಹಂಗೇ ಕಳಸಬಾರದು ಅಂತ ಕಾಕಾ ಒಂದು ತಾಟು ತಂದ್ರು. ತಾಟಿನಾಗ ಎಲಿ, ಅಡಿಕಿ, ಸುಣ್ಣ, ನಡುವ ಅವರ ಹಂತೇಲಿದ್ದ ಅತೀ ಚಲೋ ತಂಬಾಕು. ನಮ್ಮ ಕಡೆ ಬಂದವರಿಗೆ ಎಲಿ-ತಂಬಾಕು ಕೊಡಲಿಲ್ಲಂದ್ರ ಮರ್ಯಾದಿ ಕೊಟ್ಟಂಗಲ್ಲ.

ನಾನು ನಾಚಿ ನೀರಾದೆ. ಮೇಡಂ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಎಲಿ-ಅಡಿಕಿ ಕಣ್ಣಿಗೊತ್ತಿಕೊಂಡು, ತಂಬಾಕು ಚೀಲದಾಗ ಹಾಕ್ಕೊಂಡು, ಇಷ್ಟೇ ಮರ್ಯಾದಿ ನಂಗ ಸಾಲೂದಿಲ್ಲ, ನಿಮ್ಮ ಕಿಸೆದಾಗ ಇರೂದನ್ನೂ ಕೊಡ್ರಿ ಅಂದ್ರು. ಇಲ್ಲ ಅನ್ನೂದ್ಹೆಂಗ? ಒಬ್ಬೊಬ್ಬರೇ ತಮ್ಮ ತಂಬಾಕಿನ ಪುಡಿಕಿ ತಂದು ಅವರ ಚೀಲದಾಗ ಹಾಕಿದ್ರು. ಎಂಥಾ ಜಾಣಿ ಅಂತೀನಿ! ಮರುದಿನ ನಂಗ ಫೋನ್ ಮಾಡಿದ್ರು. ಕಾರು ಪಾನ್ ಅಂಗಡಿಹಂಗ ನಾರಾಕತ್ತೇತಂತ, ಈ ಚಟ ಯಾವಾಗಿಂದ ಅಂತ ಗಂಡ ಕೇಳಾಕತ್ತಾರಂತ.

ಯಾರು ಸಣ್ಣವರು?

ನಗಿ ಅತ್ಲಾಗಿರಲಿ, ಕಾಕಾನ ಚಿಂತಿ ನಮಗ ಖರೇನ ಹತ್ತಿತ್ತು. ಅವರ ಹೆಂಡತಿ ನನ್ನ ಕೈ ಹಿಡದು ಅತ್ತಿದ್ದಳು: ಇವರಿಗೆ ಕಣ್ಣಿಗೆ ಕತ್ತಲಿ ಬರತೈತಿ, ಆದ್ರೂ ಕಟ್ಟಡಕ್ಕ ಕಟ್ಟಿದ ಬೊಂಬಿನ ಸಾರವಿ ಏರೂದು ಬಿಡವಲ್ರು, ಅಷ್ಟು ಮ್ಯಾಲಿಂದ ಬಿದ್ರ ನಾನೇನು ಮಾಡ್ಲಿ? ಕಾಕಾಗ ಬ್ಯಾರೇ ಅಂಜಿಕಿ. ರೋಗ ಐತಿ ಅಂತ ಗೊತ್ತಾದ್ರ ಗುತ್ತಿಗೆದಾರ ಇನ್ನೊಬ್ಬ ಮೇಸ್ತ್ರಿನ್ನ ತರತಾನ. ಕಾಕಾ ತೋಳು ಕೊಡೂತನಾ ಉಳಿದವರೂ ಕೊಡಾಂಗಿಲ್ಲ. ಹಿರೇರು ತುತ್ತು ಎತ್ತೂತನಾ ತಾಟಿಗೆ ಕೈ ಹಚ್ಚದ ಮಂದಿ ಅದು.

ಅಧ್ಯಕ್ಷರು ಕಾಡಿ ಬೇಡಿ ಅವರನ್ನೆಲ್ಲಾ ಒಂದು ಸಂಜಿ ದವಾಖಾನಿಗೆ ಕರಕೊಂಡು ಬಂದ್ರು. ಕಾಕಾನ ಹೆಂಡತಿ, ಮೇಡಂ ಇಬ್ರೂ ಬಂದಿದ್ರು. ಕಾಕಾ ಒಳಗ ಬಂದವರೇ ಅಧ್ಯಕ್ಷರಿಗೆ ಕೈ ಮುಗದ್ರು.

"ನೀವು ಹಿರೇರು. ನಿಮ್ಮದು ಮೊದಲಾಗ್ಲಿ."

ಅಧ್ಯಕ್ಷರ ಮಾರಿ ಸಣ್ಣದಾತು. ಊರಿಗೆಲ್ಲಾ ಬಿಪಿ ನೋಡಿಸಿದ ಪುಣ್ಯಾತ್ಮರು ತಾವು ಒಮ್ಮೆನೂ ತೋಳು ಕೊಟ್ಟಿರಲಿಲ್ಲ. ಛೇ, ಛೇ, ಹಿರೇರು ನೀವು ಅಂದ್ರು. ನಮ್ಮ ಕಡೆ ದೊಡ್ಡ ಬರ ಬಿದ್ದಾಗ ನಾನು ತೊಟ್ಟಿಲದಾಗಿದ್ದೆ ಅಂದ್ರು ಕಾಕಾ. ಆಗ ನಾನು ಹುಟ್ಟೇ ಇರಲಿಲ್ಲ ಅಂದ್ರು ಅಧ್ಯಕ್ಷರು. ವಯಸ್ಸು ಇಳಿಸೂ ಹೆಂಗಸರನ್ನ ಭಾಳ ನೋಡೀನಿ. ಬಿಳಿ ಮೀಸಿ ಗಂಡಸರಿಬ್ಬರು ಹಿಂಗ ಇಳಿಸೂದು ಅವತ್ತೇ ನೋಡಿದ್ದು. ಇನ್ನೊಂದೀಟು ಬಿಟ್ಟಿದ್ರ ಇಬ್ರಿಗೂ ಪೋಲಿಯೋ ಹನಿ ಹಾಕಬೇಕಾಗತಿತ್ತು.

ಮೇಡಂ ಎರಡು ಮಷೀನ್ ತರಿಸಿ, ಒಂದೇ ಬೆಂಚಿನ ಮ್ಯಾಲೆ ಕುಂಡ್ರಿಸಿ, ಇಬ್ರಿಗೂ ಒಮ್ಮೆಲೇ ಪಟ್ಟಿ ಸುತ್ತಿಸಿದ್ರು. ಇಬ್ರದೂ ಏರಿತ್ತು, ಕಾಕಾಂದಂತೂ ನನ್ನ ಎದಿ ಝಲ್ ಅನ್ನೂವಷ್ಟು. ದಿನಾ ಗುಳಿಗಿ ತಗೋಬೇಕು, ಸಾರವಿ ಏರಬಾರದು ಅಂದ್ರು ಡಾಕ್ಟರು. ಕಾಕಾ ತಲಿ ಮ್ಯಾಲೆ ಕೈ ಹೊತ್ತು ಕುಂತ್ರು. ಮೇಡಂ ಅಲ್ಲೇ ಗುತ್ತಿಗೆದಾರನ್ನ ಕರಿಸಿ ಡಾಕ್ಟರ ಮಾತು ಹೇಳಿದ್ರು. ಅಂವ ಕಾಕಾನ ಮಾರಿ ನೋಡಿ, ಇವರು ಯಾಕ ಏರಬೇಕ್ರಿ, ಕೆಳಗ ನಿಂತು ಬೈದ್ರ ಕಡೀ ಮಾಳಿಗಿತನಾ ಕೇಳಸತೈತಿ, ಮೇಸ್ತ್ರಿ ಇವರೇ ಅಂದ. ಕಾಕಾನ ಹೆಂಡತಿ ಸೆರಗಿಲೆ ಕಣ್ಣು ಒರಸಿಕೊಂಡಳು, ನಾನೂ ಒರಸಿಕೊಂಡೆ. ತಿರುಗಿ ನೋಡಿದ್ರ ಉಳಿದವರೆಲ್ಲಾ ಬಾಗಿಲತನಾ ಪಾಳಿ ಹಚ್ಚಿ ನಿಂತಿದ್ರು. ಹಿರೇರು ಯಾರೇ ಇರಲಿ, ಇಬ್ರದೂ ಆಗಿತ್ತಲ್ಲ.

ಮುಂದ ಕೆಲವು ತಿಂಗಳಿಗೆ ಸಂಘದ ಕಾರ್ಯಕ್ರಮ. ತಪ್ಪದೇ ಗುಳಿಗಿ ತಗೊಂಡು ಮಂದಿಗೆ ದಾರಿ ತೋರಿಸಿದ ಎಲ್ಲಾರಕಿಂತ ಹಿರಿಯರಿಗೆ ಸನ್ಮಾನ ಅಂತ ಮೇಡಂ ಶಾಲು ತಂದಿದ್ರು. ಒಂದೇ ಶಾಲು. ಕಾಕಾ ಎದ್ದು ನಿಂತ್ರು. ಅಧ್ಯಕ್ಷರೂ ಎದ್ರು.

"ದೊಡ್ಡ ಬರ ಬಿದ್ದಾಗ ನಾನು ಎತ್ತು ಹೂಡತಿದ್ದೆ" ಅಂದ್ರು ಕಾಕಾ.

"ಆಗ ನನ್ನ ಲಗ್ನ ಆಗಿತ್ತು" ಅಂದ್ರು ಅಧ್ಯಕ್ಷರು.

ಕಾಕಾನ ಹೆಂಡತಿ ನನ್ನ ಕಿವ್ಯಾಗ ಅಂದಳು, "ಅಕ್ಕಾರ, ಗುಳಿಗಿ ಭಾಳ ಚಲೋ ಅದಾವ ನೋಡ್ರಿ. ಬಿಪಿ ಇಳೀತು, ವಯಸ್ಸು ಏರಿತು."