ಮೇಷ್ಟ್ರ ಮೀಸೆ ಮತ್ತು ಐದು ಪರ್ಸೆಂಟು

ಆರ್ವಿಲ್ ಮೇಷ್ಟ್ರ ಮೀಸೆಗೆ ಕುತ್ತು ಬಂದದ್ದು ಚುನಾವಣೆಯ ದಿನದ ಪತ್ರಿಕೆಯಿಂದ. ದೇಶದ ಒಟ್ಟು ಸಮೀಕ್ಷೆಯಲ್ಲಿ ಅವರ ಅಭ್ಯರ್ಥಿ ಹಾಲಿಸ್ ಐದು ಪರ್ಸೆಂಟು ಮುಂದಿದ್ದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಪುಟ್ಟ ಊರಲ್ಲಿ ಮೂವತ್ತು ವರ್ಷ ಪೌರನೀತಿ ಪಾಠ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರು, ಮಗಳ ಮದುವೆ ಗೊತ್ತಾದವರಂತೆ ಬೀಗುತ್ತಾ ಡ್ವೇನನ ಕ್ಷೌರದಂಗಡಿಗೆ ಹೋದರು.

"ಗೆದ್ದಾಯ್ತು ಕಣೋ."

ಡ್ವೇನ್ ಅವರ ಹಳೆಯ ಶಿಷ್ಯ. ಕತ್ತರಿ ನಿಲ್ಲಿಸದೆ ಕೇಳಿದ: "ನಮ್ಮ ರಾಜ್ಯದಲ್ಲಿ ಹೇಗಿದೆಯಂತೆ ಮೇಷ್ಟ್ರೇ? ಅಧ್ಯಕ್ಷರನ್ನ ಆರಿಸೋದು ಒಟ್ಟು ಲೆಕ್ಕದಲ್ಲಲ್ಲ, ರಾಜ್ಯ ರಾಜ್ಯದ ಲೆಕ್ಕದಲ್ಲಿ ಅಂತ ನೀವೇ ಹೇಳಿಕೊಟ್ಟಿದ್ರಿ."

"ಅದು ಪರೀಕ್ಷೆಗೆ ಹೇಳಿದ್ದು. ಐದು ಪರ್ಸೆಂಟು ಅಂದ್ರೆ ಎಲ್ಲಾ ಕಡೆ ಗೆದ್ದ ಹಾಗೇ."

"ಹಾಲಿಸ್ ಸೋತ್ರೆ ನಿಮ್ಮ ಮೀಸೆ ಬೋಳಿಸ್ತೀನಿ, ಆಗಬಹುದಾ?"

ಮೇಷ್ಟ್ರು ಒಪ್ಪಿಬಿಟ್ಟರು. ಮದುವೆಗೂ ಮುಂಚಿನ ಮೀಸೆ ಅದು. ಅದರ ಮರೆಯಲ್ಲಿ ತಮಗೊಂದು ಮೇಲ್ದುಟಿ ಇದೆಯೆಂಬುದನ್ನೇ ಅವರು ಮರೆತಿದ್ದರು.

ಮನೆಯಲ್ಲಿ ಹೆಂಡತಿ ಮಾರ್ಲಿಸ್ ಕೋಟು ಹಾಕಿಕೊಂಡು ನಿಂತಿದ್ದಳು. "ವೋಟು ಹಾಕೋಕೆ ಹೊರಡ್ರೀ."

"ಗೆದ್ದಾಗಿದೆ ಮಾರಾಯ್ತಿ. ಈ ಚಳೀಲಿ ಕ್ಯೂ ಯಾಕೆ?"

ಎದುರು ಮನೆಯ ಸ್ಟೆಂಡಾಲ್ ದಂಪತಿ, ಕಾರಿನಲ್ಲಿ ಮತಗಟ್ಟೆಗೆ ಬಿಡುವಿರಾ ಎಂದು ಕೇಳಿಕೊಂಡು ಬಂದರು. ಮೇಷ್ಟ್ರು ಅವರಿಗೂ ಪತ್ರಿಕೆ ತೋರಿಸಿ, ಕಾಫಿ ಕುಡಿಸಿ ಕಳಿಸಿದರು. ಸಂಜೆಯೊಳಗೆ ಬೀದಿಯಲ್ಲಿ ಹಾಲಿಸ್ ಕಡೆಯ ಹನ್ನೊಂದು ಜನರನ್ನು ಹೀಗೆ ನೆಮ್ಮದಿಯಾಗಿ ಮನೆಯಲ್ಲಿ ಕೂರಿಸಿಯಾಗಿತ್ತು. ಮಾರ್ಲಿಸ್ ಒಬ್ಬಳೇ ನಡೆದು ಹೋಗಿ ವೋಟು ಹಾಕಿ ಬಂದಳು, ಮಾತು ಬಿಟ್ಟಳು.

ಪತ್ರಿಕೆ ಸುಳ್ಳು ಹೇಳಿರಲಿಲ್ಲ. ದೇಶದ ಒಟ್ಟು ಮತಗಳಲ್ಲಿ ಹಾಲಿಸ್ ಸರಿಯಾಗಿ ಐದು ಪರ್ಸೆಂಟು ಹೆಚ್ಚು ಪಡೆದಿದ್ದ. ಆದರೆ ವಿಸ್ಕಾನ್ಸಿನ್ ಕೂದಲೆಳೆಯಲ್ಲಿ ಕೈ ತಪ್ಪಿತ್ತು. ಅದರ ಜೊತೆ ಅಧ್ಯಕ್ಷ ಪದವಿಯೂ ಹೋಗಿತ್ತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಕ್ಷೌರದ ಕುರ್ಚಿಯಲ್ಲಿ ಮುದುಡಿ ಕೂತರು. "ನೀನಾದ್ರೂ ಗೆದ್ದೆಯಲ್ಲಪ್ಪ."

"ನಾನೆಲ್ಲಿ ಗೆದ್ದೆ? ನಾನೂ ಹಾಲಿಸ್‌ಗೇ ಹಾಕಿದ್ದು," ಎಂದ ಡ್ವೇನ್. "ಮೀಸೆ ಭಯಕ್ಕಾದ್ರೂ ನೀವು ಬೀದಿಯವರನ್ನೆಲ್ಲಾ ಕಾರಲ್ಲಿ ತುಂಬಿಸ್ಕೊಂಡು ಹೋಗ್ತೀರಿ ಅಂತ ಪಂಥ ಕಟ್ಟಿದ್ದೆ."

ಮೇಷ್ಟ್ರಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತು. ಬೆಂಚಿನ ಮೇಲೆ ಕಾಯುತ್ತಿದ್ದ ಏಳು ಜನರಲ್ಲಿ ಯಾರೋ, "ಪಾಪ, ಬಿಟ್ಬಿಡು," ಎಂದರು.

"ಸರಿ. ಮೀಸೆ ಬಿಡಬೇಕು ಅನ್ನೋರು ಕೈ ಎತ್ತಿ."

ಏಳಕ್ಕೆ ಏಳೂ ಕೈ ಮೇಲೆದ್ದವು. ಮೇಷ್ಟ್ರು ಉಸಿರು ಬಿಟ್ಟರು.

"ನೋಡಿ ಮೇಷ್ಟ್ರೇ, ದೇಶವೆಲ್ಲಾ ನಿಮ್ಮ ಕಡೇನೇ ಇದೆ," ಎನ್ನುತ್ತಾ ಡ್ವೇನ್ ಕ್ಷೌರದ ಕತ್ತಿ ಮಸೆದ. "ಆದ್ರೆ ಈ ಕುರ್ಚಿಯ ರಾಜ್ಯದಲ್ಲಿ ಇರೋದು ಒಂದೇ ವೋಟು. ಅದು ನಂದು."

ತಾವೇ ಕಲಿಸಿದ ಪಾಠಕ್ಕೆ ಮೇಷ್ಟ್ರು ಮುಖ ಎತ್ತಿ ಕೊಟ್ಟರು.