ಮುದ್ರೆಯಿಲ್ಲದ ಬೀಪಿ ಯಂತ್ರ

ಮಾರ್ಚ್ ನಾಲ್ಕನೆಯ ತಾರೀಖು, ಮಂಗಳವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಆ ಅನ್ಯಾಯ ನಡೆಯಿತು. ಮೂವತ್ತನಾಲ್ಕು ವರ್ಷ ಅಂಗಡಿಗಳ ತಕ್ಕಡಿಗೆ ಸರ್ಕಾರಿ ಮುದ್ರೆಯೊತ್ತಿ, ಹತ್ತು ಗ್ರಾಂ ಕಡಿಮೆ ತೂಗಿದವರನ್ನೂ ಬಿಡದೆ ದಂಡ ವಿಧಿಸಿ ನಿವೃತ್ತರಾಗಿದ್ದ ನಿರೀಕ್ಷಕರ ತೋಳನ್ನು ಹಿಂಡಿದ ಬೀಪಿ ಯಂತ್ರವು, ನೂರಾ ಅರವತ್ತೆಂಟು ಎಂದು ಘೋಷಿಸಿತು.

“ಸುಳ್ಳು!” ಎಂದರು ನಿರೀಕ್ಷಕರು. “ಇದಕ್ಕೆ ಮುದ್ರೆ ಎಲ್ಲಿದೆ?”

“ಅದೇನು ತಕ್ಕಡೀನಾ?” ಎಂದರು ಮಡದಿ. “ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ ಡಾಕ್ಟರು ಏನಂದಿದ್ರು? ‘ಎದೆಯ ನಾಳದಲ್ಲಿ ದಾರಿ ಬಿಡಿಸಿದ್ದು ನಾನು, ಇನ್ಮೇಲೆ ಅದನ್ನ ಕಾಯೋದು ಬೀಪಿ ಮಾತ್ರೆ’ ಅಂತ. ಮಾತ್ರೆ ತಗೋತಿದೀರಿ ತಾನೆ?”

“ಒಂದು ದಿನವೂ ತಪ್ಪಿಸಿಲ್ಲ!” (ಇದು ಅಕ್ಷರಶಃ ಸತ್ಯ.)

ತನಿಖೆ ಆರಂಭವಾಯಿತು. ಯಂತ್ರವನ್ನು ಮಡದಿಗೆ ಕಟ್ಟಿದರು: ನೂರಾ ಇಪ್ಪತ್ತೆರಡು. ಸೊಸೆಗೆ: ನೂರಾ ಹದಿನಾರು. ಕಾಗದ ಕೊಡಲು ಬಂದ ಅಂಚೆಯವರನ್ನೂ ಹಿಡಿದು ಕೂರಿಸಿದರು: ನೂರಾ ಹದಿನೆಂಟು.

“ಊರಿಗೆಲ್ಲ ಸರಿ, ನನ್ನ ಮೇಲೆ ಮಾತ್ರ ಹಗೆ!” ಎಂದು ಗುಡುಗಿ ಯಂತ್ರ ಮಾರಿದ ಔಷಧಿ ಅಂಗಡಿಗೆ ನಡೆದರು. ಅಲ್ಲಿನ ಹೊಸ ಯಂತ್ರ ನೂರಾ ಎಪ್ಪತ್ತು ತೋರಿಸಿತು. ಯಂತ್ರಗಳೆರಡೂ ಶಾಮೀಲಾಗಿವೆ ಎಂದು ತೀರ್ಮಾನಿಸಿ, ಮನೆಗೆ ಬಂದು ಅಂಗಡಿಯ ಮಾಲೀಕರಿಗೆ ಮೂರು ಪುಟದ ದೂರು ಬರೆದರು.

ಅದಕ್ಕೆ ಲಕೋಟೆ ಹುಡುಕುತ್ತ ಮೇಜಿನ ಖಾನೆ ಎಳೆದ ಮಡದಿಯ ಕೈಗೆ ಒಂದು ಸೀಸೆ ಸಿಕ್ಕಿತು. ಮೇಲೆ ಗಂಡನದೇ ದುಂಡಕ್ಷರ: “ಉಳಿಕೆ. ಜನವರಿ ಇಪ್ಪತ್ತೈದರಿಂದ.” ಒಳಗೆ ಮೂವತ್ತೊಂಬತ್ತು ಅರ್ಧ ಮಾತ್ರೆಗಳು.

“ಏನ್ರೀ ಇದು?”

“ಜನವರೀಲಿ ನೂರಾ ಇಪ್ಪತ್ತೇ ಬರ್ತಿತ್ತಲ್ಲ. ಸರಿಯಾಗಿರೋ ಬೀಪಿಗೆ ಇಡೀ ಮಾತ್ರೆ ಯಾಕೆ ದಂಡ ಅಂತ… ಸಮನಾಗೇ ಕತ್ತರಿಸಿದೀನಿ ಕಣೇ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ!”

“ಇಡೀ ಮಾತ್ರೆ ನುಂಗಿದ್ದಕ್ಕೇ ಅಲ್ವಾ ಅದು ಸರಿಯಾಗಿದ್ದಿದ್ದು? ಹತ್ತು ಗ್ರಾಂಗೆ ಅಂಗಡಿ ಬಾಗಿಲು ಹಾಕಿಸಿದೋರು, ನಿಮ್ಮ ಎದೆಗೇ ತೂಕದಲ್ಲಿ ಅರ್ಧಕ್ಕರ್ಧ ಹೊಡೆದ್ರಲ್ಲ! ನಿಮಗೇನಾದ್ರೂ ಆಗಿದ್ರೆ ನಾನು ಯಾರ ಮೇಲೆ ದೂರು ಬರೀಲಿ?”

ಸೇವಾವಧಿಯಲ್ಲಿ ಎಂದೂ ಸೋಲದ ನಿರೀಕ್ಷಕರು ತಾವೇ ಡಾಕ್ಟರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಫೋನಿನಲ್ಲೇ ಬೈದ ಡಾಕ್ಟರು ಅಂದೇ ಬರಹೇಳಿದರು. ಹಿಂದಿರುಗಿದ ಮೇಲೆ ನಿರೀಕ್ಷಕರು ದೂರನ್ನು ತಿದ್ದಿದರು. “ಮುದ್ರೆ ಎಲ್ಲಿದೆ?” ಎಂದು ಮಡದಿ ಹಠ ಹಿಡಿದದ್ದರಿಂದ ಹೆಬ್ಬೆರಳ ಗುರುತನ್ನೂ ಒತ್ತಿ, ಆ ದೂರನ್ನು ಯಂತ್ರದ ಪೆಟ್ಟಿಗೆಗೆ ಅಂಟಿಸಿದರು:

“ಈ ಮನೆಯ ಯಜಮಾನರಿಗೆ. ತಾವು ಮೂವತ್ತೊಂಬತ್ತು ದಿನ ಕಡಿಮೆ ತೂಗಿ ವಂಚಿಸಿರುವುದು ಸಾಬೀತಾಗಿದೆ. ಇನ್ನು ಮುಂದೆ ಪ್ರತಿದಿನ ಇಡೀ ಮಾತ್ರೆಯನ್ನು ಮಡದಿಯ ಸಮಕ್ಷಮದಲ್ಲಿ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸತಕ್ಕದ್ದು.”