ಎಡಗಡೆಯ ಮುಂದಿನ ಟೈರಿನ ಪರವಾಗಿ ಒಂದು ಹೋರಾಟ

ಅರವತ್ತು ಸಾವಿರ ಕಿಲೋಮೀಟರ್! ಅದಕ್ಕಿಂತ ಒಂದೇ ಒಂದು ಕಿಲೋಮೀಟರ್ ಮೊದಲು ನನ್ನ ಕಾರಿನ ಟೈರು ಬದಲಿಸಿದರೆ ನನ್ನನ್ನು ಭೀಮೇಶ ಅಂತ ಕರೆಯಬೇಡಿ! ಶಿರಹಟ್ಟಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಹನ್ನೊಂದು ಜನ ಉಪನ್ಯಾಸಕರ ಎದುರಿಗೆ, ಚಹಾದ ಕಪ್ಪನ್ನು ಮೇಜಿಗೆ ಕುಟ್ಟಿ ನಾನು ಮಾಡಿದ ಪ್ರತಿಜ್ಞೆ ಇದು. ಕಪ್ಪಿನ ಹಿಡಿಕೆ ಮುರಿಯಿತು. ಆದರೆ ನಾನು ಹಿಂದೆ ಸರಿಯಲಿಲ್ಲ.

ಯಾಕೆ ಸರಿಯಬೇಕು? ನಾನು ಭೌತಶಾಸ್ತ್ರ ಕಲಿಸುವವನು. ಘರ್ಷಣೆಯ ಪಾಠವನ್ನು ಹದಿನೇಳು ವರ್ಷ ಬಿಡದೆ ಮಾಡಿದ್ದೇನೆ. ಟೈರು ಸವೆಯುವುದು ಘರ್ಷಣೆಯಿಂದ. ಘರ್ಷಣೆಯ ಒಳಗುಟ್ಟೆಲ್ಲ ನನಗೆ ಗೊತ್ತು. ಅಂದಮೇಲೆ ನನ್ನ ಟೈರು ನನ್ನನ್ನು ಒಂದು ಮಾತು ಕೇಳದೆ ಸವೆಯುವುದೆಂದರೇನು!

ಮೇಲಾಗಿ ನನ್ನದು ಹೈಬ್ರಿಡ್ ಕಾರು. ಬೆಟಗೇರಿಯ ನಮ್ಮ ಓಣಿಗೇ ಮೊದಲನೆಯದು. ಪೆಟ್ರೋಲಿನ ಎಂಜಿನ್ ಒಂದು, ಬ್ಯಾಟರಿಯ ಮೋಟಾರು ಒಂದು. ಮೆಲ್ಲಗೆ ಹೋದರೆ ಬ್ಯಾಟರಿ, ಜೋರಾಗಿ ಹೋದರೆ ಎಂಜಿನ್. ಇದನ್ನು ಓಣಿಯಲ್ಲಿ ನಿಂತವರಿಗೆ, ಕೂತವರಿಗೆ, ಹಾಲು ಹಾಕಲು ಬಂದವಳಿಗೆ, ಎಲ್ಲರಿಗೂ ವಿವರಿಸಿ ಹೇಳಿದ್ದೆ. ನಮ್ಮ ಅವ್ವ ಉಡಚವ್ವನಿಗಂತೂ ಮೂರು ಸಲ ಪಾಠ ಮಾಡಿದ್ದೆ.

“ಸಾವಕಾಶ ಹೊಡದ್ರ ಎಣ್ಣೀನ ಹತ್ತೂದಿಲ್ಲಬೇ. ಸಪ್ಪಳಾನೂ ಇಲ್ಲ!”

“ಒಂದ ಹನಿನೂ ಹತ್ತೂದಿಲ್ಲ?”

“ಒಂದ ಹನಿನೂ ಇಲ್ಲ!”

“ಎಷ್ಟ ತಿರಗಿದ್ರೂ?”

“ಎಷ್ಟ ಬೇಕಾದ್ರೂ ತಿರಗಬೇ!”

ಅವ್ವ ಗಂಭೀರವಾಗಿ ತಲೆಯಾಡಿಸಿದಳು. ಇಷ್ಟು ಗಮನವಿಟ್ಟು ಪಾಠ ಕೇಳಿದ ವಿದ್ಯಾರ್ಥಿ ನನಗೆ ಹದಿನೇಳು ವರ್ಷದಲ್ಲಿ ಸಿಕ್ಕಿರಲಿಲ್ಲ.

ಎಂಟು ತಿಂಗಳು ಎಲ್ಲ ಚೆನ್ನಾಗಿತ್ತು. ಒಂದು ರವಿವಾರ ಗಾಳಿ ತುಂಬಿಸಲು ಮುಸ್ತಾಕನ ಟೈರ್ ಅಂಗಡಿಗೆ ಹೋದೆ. ಮುಸ್ತಾಕ ನನ್ನ ಹಳೆಯ ವಿದ್ಯಾರ್ಥಿ. ಅವನನ್ನು ಭೌತಶಾಸ್ತ್ರದಲ್ಲಿ ಎರಡು ಸಲ ಫೇಲು ಮಾಡಿದ ಕೀರ್ತಿ ನನ್ನದೇ. ಅವನು ಎಡಗಡೆಯ ಮುಂದಿನ ಟೈರಿನ ಎದುರು ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದ ಅದರ ಅಂಚನ್ನು ಸವರಿ ನಿಟ್ಟುಸಿರು ಬಿಟ್ಟ.

“ಸರ, ಸಿಟ್ಟಿಗೇಳಬ್ಯಾಡ್ರಿ. ಈ ಟೈರಿನ ಹೊರಗಿನ ಅಂಚು ಪೂರಾ ಬೋಳ ಆಗೇತ್ರಿ.”

“ಇನ್ನೂ ಹನ್ನೆರಡ ಸಾವಿರಾನೂ ಓಡಿಲ್ಲಲೇ! ಉಳದ ಮೂರೂ?”

“ಅವು ಮದಿಮಕ್ಕಳಿದ್ದಾಂಗ ಅದಾವ್ರಿ. ಇದೊಂದ ಮುದುಕ ಆಗೇತಿ. ಬಲಕ್ಕ ಭಾಳ ತಿರಗ್ಸೀರಿ ಸರ, ಗಾಣಕ್ಕ ಎತ್ತ ಹೂಡಿದಾಂಗ.”

ನನ್ನ ಮೈ ಉರಿಯಿತು. ಎರಡು ಸಲ ಫೇಲಾದವನು ನನಗೆ ವೃತ್ತಾಕಾರ ಚಲನೆಯ ಪಾಠ ಹೇಳುವುದೇ!

“ಲೇ ಮುಸ್ತಾಕ, ನಾ ಶಿರಹಟ್ಟಿಗೆ ಹೋಗಾಕತ್ತೀನೋ, ಗಾಣ ಹೊಡ್ಯಾಕತ್ತೀನೋ? ಹೋಗುಮುಂದ ಬಲಕ್ಕ ಬಂದ ತಿರುವು ಬರುಮುಂದ ಎಡಕ್ಕ ಬರತೈತಿ. ಎರಡೂ ಕೂಡಿ ವಜಾ ಆದ್ರ ಸೊನ್ನಿ!”

“ಸೊನ್ನೀನ ಆಗೇತ್ರಿ ಸರ. ಇಲ್ಲಿ ಕೈಯಾಡಿಸಿ ನೋಡ್ರಿ. ಮುಂದಿಂದು ಹಿಂದಕ, ಹಿಂದಿಂದು ಮುಂದಕ ಹಾಕಿ ಕೊಡ್ಲೇನ್ರಿ?”

“ಮುಟ್ಟಬ್ಯಾಡ! ತಪ್ಪ ಯಾರದಂತ ಗೊತ್ತಾಗೂತನಾ ಸಾಕ್ಷಿ ಅಲ್ಲಾಡಬಾರದು!”

ಅಂದಿನಿಂದ ನನ್ನ ಹೋರಾಟ ಶುರುವಾಯಿತು. ಗದಗಿನಲ್ಲಿ ಚಕ್ರಗಳ ಅಲೈನ್‌ಮೆಂಟ್ ನೋಡಿಸಿದೆ. “ನೆಟ್ಟಗ ಐತ್ರಿ” ಎಂದರು. ನಂಬಲಿಲ್ಲ. ಲಕ್ಷ್ಮೇಶ್ವರದಲ್ಲಿ ನೋಡಿಸಿದೆ. ಅಲ್ಲಿಯೂ ನೆಟ್ಟಗೆ! ಮುಂಡರಗಿಗೆ ಮದುವೆಗೆಂದು ಹೋದವನು ಊಟದ ಪಂಕ್ತಿ ಬಿಟ್ಟು ಅಲ್ಲಿಯೂ ನೋಡಿಸಿದೆ. ಚಕ್ರ ನೆಟ್ಟಗಿತ್ತು, ಜಿಲೇಬಿ ಖಾಲಿಯಾಗಿತ್ತು. ಟೈರಿನ ಕಂಪನಿಗೆ ನಾಲ್ಕು ಪುಟದ ಪತ್ರ ಬರೆದೆ. “ವಾಹನ ಚಲಾಯಿಸುವ ರೀತಿಯಿಂದ ಹೀಗಾಗಿರಬಹುದು” ಎಂದು ಒಂದೂವರೆ ಸಾಲಿನ ಉತ್ತರ ಬಂತು. ಚಲಾಯಿಸುವ ರೀತಿ! ನನ್ನ ರೀತಿ! ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ದಿನಾ ಬೆಳಿಗ್ಗೆ ಅದನ್ನು ಓದಿ ಸಿಟ್ಟು ತಾಜಾ ಮಾಡಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ.

ಕೊನೆಗೆ ವಿಜ್ಞಾನವೇ ಕೈಹಿಡಿಯಿತು. ಪ್ರಯೋಗಾಲಯದಿಂದ ವರ್ನಿಯರ್ ಕ್ಯಾಲಿಪರ್ ತಂದು, ಪ್ರತಿ ಸಂಜೆ ಅಂಗಳದಲ್ಲಿ ಬೋರಲು ಮಲಗಿ ಟೈರಿನ ಗೆರೆಗಳ ಆಳ ಅಳೆದೆ. ಓಣಿಯ ಜನ ನನಗೆ ಏನೋ ಆಗಿದೆ ಎಂದು ಎರಡು ಸಲ ಆಂಬುಲೆನ್ಸಿಗೆ ಫೋನ್ ಮಾಡಲು ಹೊರಟಿದ್ದರು. ಐದು ವಾರ ಅಳೆದು ಗ್ರಾಫ್ ಬರೆದೆ. ಏನು ಕಂಡಿತು ಗೊತ್ತೇ? ಸೋಮವಾರದಿಂದ ಶುಕ್ರವಾರದವರೆಗೆ ಗೆರೆ ಸಮತಟ್ಟು. ಶನಿವಾರ ಬಂತೆಂದರೆ ದಡಕ್ಕನೆ ಪಾತಾಳಕ್ಕೆ!

ಶನಿವಾರ! ನನ್ನ ಹೆಂಡತಿ ಪ್ರಿಯಾಂಕಾಳಿಗೆ ಅಂದು ಕಚೇರಿ ರಜೆ. ನನಗೆ ಅರ್ಧ ದಿನ ಕಾಲೇಜು. ಅಂದು ನಾನು ಬಸ್ಸಿಗೆ ಹೋಗುವುದು, ಕಾರು ಅವಳಿಗೆ. ಇದು ನಮ್ಮ ಮನೆಯ ಒಪ್ಪಂದ. ಗ್ರಾಫನ್ನು ಬಾವುಟದಂತೆ ಹಿಡಿದು ಅಡುಗೆಮನೆಗೆ ನುಗ್ಗಿದೆ. ಅವ್ವ ಮೂಲೆಯಲ್ಲಿ ಮೆಂತೆಸೊಪ್ಪು ಬಿಡಿಸುತ್ತಿದ್ದಳು.

“ಶನಿವಾರ ಕಾರ್ ತಗೊಂಡ ಎಲ್ಲಿಗ್ ಹೊಕ್ಕೀ?”

“ಅತ್ತೀನ್ನ ಕರಕೊಂಡ ಸಂತಿಗೆ, ಗುಡಿಗೆ,” ಎಂದಳು ಪ್ರಿಯಾಂಕಾ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

“ಗುಡಿಗೆ ಹೋಗಿ ಬಂದ್ರ ಟೈರ್ ಸವೀತಾವೇನು?”

“ದೇವ್ರನ್ನ ಕೇಳ್ರಿ.”

“ನೀ ಸಂದ್ಯಾಗ ರಪ್ಪಂತ ತಿರಗಸ್ತಿ. ಅದಕ ಹಿಂಗಾಗೇತಿ. ಒಪ್ಕೋ!”

“ನನ್ನ ಕೈಯಾಗ ಒಂದ ದಿನ, ನಿಮ್ಮ ಕೈಯಾಗ ಐದ ದಿನ. ತಪ್ಪ ಮಾತ್ರ ನಂದು! ಭಾಳ ಚಲೋ ಐತಿ ನಿಮ್ಮ ನ್ಯಾಯ.”

“ಗ್ರಾಫ್ ಸುಳ್ಳ ಹೇಳೂದಿಲ್ಲ!”

ಪ್ರಿಯಾಂಕಾ ರೊಟ್ಟಿಯನ್ನು ಹಂಚಿಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ತಿರುಗಿ ನಿಂತಳು. “ಹಂಗಾರ ಒಂದ ಮಾತು. ಟೈರ್ ಸವ್ಯಾಕ ಯಾರ ಕಾರಣ ಅದಾರೋ ಅವ್ರು ಕಾರಿನ ಕೀಲಿ ಬಿಡಬೇಕು. ವರ್ಷಾನಗಟ್ಟಲೆ ಸ್ಕೂಟರ್ ಮ್ಯಾಲ ತಿರಗಬೇಕು. ಆತಿಲ್ಲೋ?”

“ಆತು!”

“ಖರೆ?”

“ಖರೇನ! ಹನಮಪ್ಪನ ಆಣಿ!”

ಮೂಲೆಯಲ್ಲಿ ಅವ್ವನ ಕೈ ಗಕ್ಕನೆ ನಿಂತಿತು. “ಅಷ್ಟ ದೊಡ್ಡ ಆಣಿ ಹಾಕಬ್ಯಾಡೋ ಭೀಮ್ಯಾ,” ಎಂದಳು. ಸೊಸೆಯ ಮೇಲಿನ ಮಮತೆಯಿಂದ ಹೇಳುತ್ತಿದ್ದಾಳೆ ಎಂದುಕೊಂಡು ನಾನು ಇನ್ನೊಂದು ಸಲ ಆಣೆ ಹಾಕಿದೆ.

ಮುಂದಿನ ಶನಿವಾರ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋಗುವವನಂತೆ ಹೊರಟೆ. ಓಣಿ ತಿರುಗಿದ ಮೇಲೆ ಕಾಲೇಜಿಗೆ ರಜೆಯ ಅರ್ಜಿ ಕಳಿಸಿ ಮುಸ್ತಾಕನ ಬೈಕಿನ ಹಿಂದೆ ಹತ್ತಿ, ಆಣೆಯ ಕತೆಯನ್ನೆಲ್ಲ ಅವನಿಗೆ ಹೇಳಿದೆ. ಸತ್ಯ ಹೊರಬೀಳುವಾಗ ಪರಿಣತ ಸಾಕ್ಷಿ ಬೇಡವೇ?

ನಮ್ಮ ಕಾರು ಸಂತೆಯಲ್ಲಿ ಹತ್ತು ನಿಮಿಷ ನಿಂತು, ನಾಗಾವಿಯ ದಾರಿ ಹಿಡಿದು, ಒಂದು ಅಡ್ಡರಸ್ತೆಗೆ ಇಳಿಯಿತು. ನಾವು ಅರ್ಧ ಫರ್ಲಾಂಗು ಹಿಂದೆ. ಎದುರಿಗೆ ಬಯಲಲ್ಲಿ ಒಂದು ಪುಟ್ಟ ಹನಮಪ್ಪನ ಗುಡಿ. ಸುತ್ತಲೂ ಹೊಸದಾಗಿ ಹಾಕಿದ, ಅಂಗಾಲು ಚುಚ್ಚುವಂಥ ಒರಟು ಕಾಂಕ್ರೀಟು. ನಾನು ಬೈಕಿನಿಂದ ಇಳಿಯುವುದಕ್ಕೂ ಕಾರು ಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತಲು ಶುರು ಮಾಡುವುದಕ್ಕೂ ಸರಿಹೋಯಿತು.

ಒಂದು ಸುತ್ತು. ಎರಡು. ಹತ್ತು. ನಲವತ್ತು! ಸಪ್ಪಳವಿಲ್ಲ, ಹೊಗೆಯಿಲ್ಲ. ಪ್ರಿಯಾಂಕಾ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಗಟ್ಟಿಯಾಗಿ ಹಿಡಿದಿದ್ದಳು. ಹಿಂದಿನ ಸೀಟಿನಲ್ಲಿ ಅವ್ವ, ಕಿಟಕಿಯ ಗಾಜು ಇಳಿಸಿ, ಗುಡಿಯ ಕಡೆ ಕಣ್ಣು ನೆಟ್ಟು, ಸುತ್ತಿಗೊಂದು ಹುಣಸೆಬೀಜವನ್ನು ಉಡಿಯಿಂದ ಡಬ್ಬಿಗೆ ಹಾಕುತ್ತಿದ್ದಳು. ಪೂಜಾರಿ ಹುಲಗಪ್ಪ ಕಟ್ಟೆಯ ಮೇಲೆ ನಿಂತು, ಕಾರು ಎದುರಿಗೆ ಬಂದಾಗೊಮ್ಮೆ ಗಂಟೆ ಬಾರಿಸುತ್ತಿದ್ದ. ಪ್ರತಿ ತಿರುವಿನಲ್ಲೂ ನನ್ನ ಎಡಗಡೆಯ ಟೈರು ಕಾಂಕ್ರೀಟಿಗೆ ಮೈ ತಿಕ್ಕಿಕೊಂಡು ಕಿರ್ ಅನ್ನುತ್ತಿತ್ತು. ನನ್ನ ಕರುಳೂ ಕಿರ್ ಅಂದಿತು.

“ಸರ,” ಎಂದ ಮುಸ್ತಾಕ, ನಗುವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು, “ಈಗರ ನನ್ನ ಪಾಸ್ ಮಾಡ್ತೀರಿಲ್ಲೋ?”

ನಾನು ಓಡಿಹೋಗಿ ಕಾರಿಗೆ ಅಡ್ಡ ನಿಂತೆ. “ನಿಂದರಸ!”

“ಬಾಜೂಕ ಸರೀ ಲೇ ಭೀಮ್ಯಾ!” ಅವ್ವ ಒಳಗಿನಿಂದ ಗುಡುಗಿದಳು. “ನಡುವ ನಿಂದ್ರಿಸಿದ್ರ ಮತ್ತ ಮೊದಲಿಂದ ಹಾಕಬೇಕಾಕ್ಕೈತಿ!”

ಮೊದಲಿಂದ ಅಂದರೆ ಮತ್ತೆ ಇಷ್ಟೂ ಸುತ್ತು! ಟೈರನ್ನು ನೆನೆದು ಪಟ್ಟನೆ ಪಕ್ಕಕ್ಕೆ ಹಾರಿದೆ. ಕಾರು ನಿಲ್ಲುವಂತಿಲ್ಲ, ನಾನು ಬಿಡುವಂತಿಲ್ಲ. ಕಿಟಕಿ ಹಿಡಿದುಕೊಂಡು ಜೊತೆಗೇ ನಡೆಯುತ್ತ ವಾದ ಮಾಡಿದೆ.

“ಏನಬೇ ಇದು? ಕಾರಿನ್ಯಾಗ ಪ್ರದಕ್ಷಿಣಿ?”

“ಮೊಣಕಾಲ ಬಗ್ಗಂಗಿಲ್ಲ, ನಡ್ಯಾಕ ಆಗೂದಿಲ್ಲ. ಸಾವಕಾಶ ಹೊಡದ್ರ ಎಣ್ಣಿ ಹತ್ತೂದಿಲ್ಲಂತ ನೀನ ಹೇಳಿದಿ. ನಲವತ್ನಾಕು.”

“ಎಣ್ಣಿ ಹತ್ತೂದಿಲ್ಲ ಖರೆ, ಟೈರ್ ಹತ್ತತಾವಬೇ!”

“ಅದನ್ನ ನೀ ಹೇಳಲಿಲ್ಲ. ನಲವತ್ತೈದು.”

ಒಪ್ಪುತ್ತೇನೆ, ಪಾಠದಲ್ಲಿ ಅದೊಂದು ಬಿಟ್ಟುಹೋಗಿತ್ತು. ಆದರೂ ಸೋಲಲಿಲ್ಲ. “ಹಂಗಾರ ಅರ್ಧಾ ಈ ಕಡೆ ಹೊಡೀರಿ, ಅರ್ಧಾ ಆ ಕಡೆ ಹೊಡೀರಿ! ಎರಡೂ ಟೈರ್ ಸಮಾ ಸವೀತಾವು!”

ಹುಲಗಪ್ಪನ ಗಂಟೆ ನಿಂತುಹೋಯಿತು. ಅವ್ವ ಎರಡೂ ಕಿವಿ ಮುಚ್ಚಿಕೊಂಡಳು. “ದೇವ್ರನ್ನ ಎಡಕ್ಕ ಹಾಕ್ಕೊಂಡ ಸುತ್ತಂತೀ? ಹೆತ್ತಾಕಿಗೆ?”

“ಇಷ್ಟ ಯಾವ ದೊಡ್ಡ ಹರಕಿನಬೇ ನಿಂದು?” ಏದುಸಿರು ಬಿಡುತ್ತ ಕೇಳಿದೆ. ಅಷ್ಟರಲ್ಲಿ ನಾನೂ ಹದಿನೆಂಟು ಸುತ್ತು ಮುಗಿಸಿದ್ದೆ.

ಪ್ರಿಯಾಂಕಾ ಈಗ ಬಾಯಿಬಿಟ್ಟಳು. “ಹೇಳಿಬಿಡ್ರಿ ಅತ್ತಿ.”

ಅವ್ವ ಬೀಜ ಹಾಕುವುದನ್ನು ಮರೆಯದೆ ಹೇಳತೊಡಗಿದಳು. “ಕಾರ್ ತಂದ ಹೊಸದಾಗಿ ನನ್ನ ಸಿಂಗಟಾಲೂರಿಗೆ ಕರಕೊಂಡ ಹೋಗಿದ್ದಿಯೆಲ್ಲ, ನೆನಪೈತೇನು? ದಾರಿಗುಂಟ ನೀ ದಾರಿ ನೋಡಲಿಲ್ಲ. ಮುಂದ ಆ ಸಣ್ಣ ಟೀವಿ ಐತೆಲ್ಲ, ಅದನ್ನ ನೋಡ್ಕೋಂತ ಹೊಡದಿ. ಎಮ್ಮಿ ಅಡ್ಡ ಬಂತು. ಗಕ್ಕನ ಬ್ರೇಕ್ ಹಾಕಿದಿ. ನನ್ನ ಜೀವ ಬಾಯಿಗೆ ಬಂತು. ನೀ ಹೊಳ್ಳಿ ನೋಡಿ ನಕ್ಕಿ, ‘ಬ್ಯಾಟರಿ ತುಂಬಾಕತ್ತೈತಿ ನೋಡಬೇ’ ಅಂದಿ! ಮುಂದ ಕುರಿಹಿಂಡು ಬಂತು. ಆವಾಗೂ ಬ್ಯಾಟರಿ ತುಂಬಿತಂತ ಖುಷಿಪಟ್ಟಿ!”

“ಬ್ರೇಕ್ ಹಾಕಿದ್ರ ಬ್ಯಾಟರಿ ತುಂಬೂದು ವಿಜ್ಞಾನಬೇ!”

“ಎಮ್ಮಿಗೆ ಗೊತ್ತೈತೇನಲೇ ನಿನ್ನ ವಿಜ್ಞಾನ? ಅವತ್ತ ಹನಮಪ್ಪಗ ಬೇಡಿಕೊಂಡೆ. ನನ್ನ ಮಗ ಗಾಡಿ ಹೊಡಿಯೂತನಾ ಶನಿವಾರಕ್ಕ ನೂರಾಎಂಟ ಸುತ್ತ ಹಾಕ್ತೀನಪಾ, ಅವನ ಕೈಕಾಲ ನೆಟ್ಟಗ ಮನಿ ಮುಟ್ಟಿಸು ಅಂತ. ನಿನಗ ಹೇಳಿದ್ರ ಜಗಳ ತಗೀತಿದ್ದಿ, ಅದಕ ಹೇಳಲಿಲ್ಲ. ಎಪ್ಪತ್ತೊಂದು.”

ನನ್ನ ಕಾಲುಗಳು ಒಂದು ಕ್ಷಣ ನಿಂತವು. ಹತ್ತು ತಿಂಗಳು, ಒಂದು ಶನಿವಾರ ತಪ್ಪದೆ, ಕೀಲುನೋವಿನ ಮುದುಕಿ ನನ್ನ ಕೈಕಾಲಿಗಾಗಿ ಇಲ್ಲಿ ಸುತ್ತುತ್ತಿದ್ದಳು. ನಾನೋ ಅಂಗಳದಲ್ಲಿ ಬೋರಲು ಬಿದ್ದು ಟೈರು ಅಳೆಯುತ್ತಿದ್ದೆ. ನಾಚಿಕೆಯಾಯಿತು.

ಆದರೆ ನಾಚಿಕೊಂಡು ನಿಲ್ಲಲು ಬಿಡುವವಳೇ ಪ್ರಿಯಾಂಕಾ? ಕಾರು ಒಂದು ಸುತ್ತು ಹೋಗಿ ಮತ್ತೆ ನನ್ನ ಬಳಿ ಬಂದಾಗ ಕಿಟಕಿಯಿಂದ ಅವಳ ಅಂಗೈ ಹೊರಗೆ ಚಾಚಿತ್ತು.

“ಟೈರ್ ಸವ್ಯಾಕ ಯಾರ ಕಾರಣ ಆತ್ರಿ?”

“ಕಾಂಕ್ರೀಟು!” ಎಂದೆ.

“ಯಾರ ಕಾರಣರಿ?”

“ಟೈರಿನ ರಬ್ಬರ್ ಕಚ್ಚಾ ಐತಿ!”

“ಸರ,” ಮುಸ್ತಾಕ ಕಟ್ಟೆಯ ಮೇಲಿಂದ ಕೂಗಿದ, “ನೀವ್ ಆಣಿ ಮಾಡಿದ ದೇವ್ರು ಇಲ್ಲೇ ಕುಂತಾನ್ರಿ!”

ಕಿಸೆಯಲ್ಲಿದ್ದ ನನ್ನ ಕೀಲಿಯನ್ನು ಆ ಅಂಗೈಯಲ್ಲಿಟ್ಟೆ. ಹುಲಗಪ್ಪ ಆ ಹೊತ್ತಿಗೇ ಗಂಟೆ ಬಾರಿಸಿದ. ಬೇಕೆಂದೇ ಬಾರಿಸಿದ ಎಂಬುದು ನನ್ನ ದೃಢವಾದ ನಂಬಿಕೆ.

ಸೋಮವಾರದಿಂದ ಹಳೆಯ ಸ್ಕೂಟರಿನ ಮೇಲೆ ಶಿರಹಟ್ಟಿಗೆ ಹೊರಟೆ. ತಲೆ ಮಾತ್ರ ತಗ್ಗಿಸಲಿಲ್ಲ! ಯಾಕೆ ತಗ್ಗಿಸಬೇಕು? ನಾನು ಗಾಡಿ ಹೊಡೆಯುವವರೆಗೆ ತಾನೇ ಹರಕೆ? ಈಗ ಕಾರು ಬಿಟ್ಟಿದ್ದೇನೆ. ಹರಕೆ ರದ್ದು, ಸುತ್ತು ರದ್ದು, ಸವೆತ ರದ್ದು! ಸೋತಂತೆ ಕಂಡು ಗೆದ್ದವನು ನಾನೇ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದೆ. ಅರವತ್ತು ಸಾವಿರದ ಪ್ರತಿಜ್ಞೆಯನ್ನು ಮರೆತವನಂತೆ ಮುಸ್ತಾಕನಿಂದ ಎಡಗಡೆಗೊಂದು ಹೊಚ್ಚ ಹೊಸ ಟೈರನ್ನೂ ಹಾಕಿಸಿದೆ.

ಶನಿವಾರ ಬೆಳಿಗ್ಗೆ ಸ್ಕೂಟರ್ ಹೊರಗೆ ತೆಗೆಯುತ್ತಿದ್ದೆ. ಪ್ರಿಯಾಂಕಾ ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದಳು. ಅವ್ವ ಹಿಂದಿನ ಸೀಟಿಗೆ ಏರುತ್ತಿದ್ದಳು. ಅವಳ ಉಡಿ ಈ ಸಲ ಗುಡ್ಡದಂತೆ ಉಬ್ಬಿತ್ತು.

“ಮತ್ತೆಲ್ಲಿಗಬೇ?” ಸ್ಕೂಟರ್ ಬಿಟ್ಟು ಓಡಿಬಂದೆ. “ನಾ ಕಾರ್ ಬಿಟ್ಟೀನೆಲ್ಲ!”

“ಕಾರ್ ಬಿಟ್ಟ ಸ್ಕೂಟರ್ ಹಿಡದೀಯೆಲ್ಲೋ ನನ್ನಪ್ಪಾ!” ಎಂದಳು ಅವ್ವ, ಕಿಟಕಿಯ ಗಾಜು ಇಳಿಸುತ್ತ. “ಅದಕ ನಾಕ ಗಾಲಿ ಇದ್ದೂವು, ನೂರಾಎಂಟ ಸುತ್ತ ಸಾಲತಿದ್ದೂವು. ಇದಕ ಎರಡ ಅದಾವು. ಇನ್ನೂರಾಹದಿನಾರ ಹಾಕಬೇಕು.”